ಹೊನ್ನಾವರದಿಂದ ಮುಂಬಯಿ ಶಾಸನಸಭೆಗೆ: ಸರ್ ನಾರಾಯಣ ಚಂದಾವರ್ಕರ್

ನಾರಾಯಣ ಗಣೇಶ ಚಂದಾವರ್ಕರ್ 1855ರ ಡಿಸೆಂಬರ್ 2ರಂದು ಹೊನ್ನಾವರದಲ್ಲಿ ಹುಟ್ಟಿದರು. ಈಗಿನ ಕರ್ನಾಟಕದ ನೆಲದಲ್ಲಿ ಜನಿಸಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದವರಲ್ಲಿ ಅವರೇ ಮೊದಲಿಗರು. ವಕೀಲರಾಗಿ, ಪತ್ರಿಕಾ ಸಂಪಾದಕರಾಗಿ, ಹೈಕೋರ್ಟಿನ ನ್ಯಾಯಾಧೀಶರಾಗಿ, ಕೊನೆಗೆ ಮುಂಬಯಿ ಪ್ರಾಂತ್ಯದ ಶಾಸನಸಭೆಯ ಅಧ್ಯಕ್ಷರಾಗಿ ಅವರು ಮಾಡಿದ ಕೆಲಸವೆಲ್ಲ ಮುಂಬಯಿಯಲ್ಲೇ ನಡೆಯಿತು. ಅವರ ಹೆಸರು ಉತ್ತರ ಕನ್ನಡಕ್ಕಿಂತ ಆ ನಗರದಲ್ಲೇ ಹೆಚ್ಚು ಪರಿಚಿತವಾಗಿರುವುದಕ್ಕೆ ಇದೇ ಕಾರಣ.

ಚಂದಾವರ್ಕರ್ ಮನೆತನ ಚಿತ್ರಾಪುರ ಸಾರಸ್ವತ ಸಮಾಜಕ್ಕೆ ಸೇರಿದ್ದು. ಮನೆತನದ ಹೆಸರು ಕುಮಟಾ ಮತ್ತು ಹೊನ್ನಾವರಗಳ ನಡುವಿನ ಚಂದಾವರದಿಂದ ಬಂದದ್ದು. ಸಮಾಜದ ಗುರುಮಠ ಇರುವುದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ ಎಂಬುದು ಈ ಕರಾವಳಿಯ ಸಾರಸ್ವತರ ವಾಡಿಕೆ. ಶಾನುಭೋಗಿಕೆ, ಲೆಕ್ಕಪತ್ರ, ಕಚೇರಿಯ ನೌಕರಿ ಈ ಸಮಾಜದ ಹಳೆಯ ಕಸುಬುಗಳಾಗಿದ್ದುದರಿಂದ ಬ್ರಿಟಿಷರ ಹೊಸ ನ್ಯಾಯಾಲಯಗಳತ್ತ ಅದರ ಹುಡುಗರು ಬೇಗ ಹೊರಳಿದರು.

ನಾರಾಯಣ ಹುಟ್ಟಿದಾಗ ಹೊನ್ನಾವರ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1799ರಲ್ಲಿ ಟಿಪ್ಪು ಪತನವಾದ ಮೇಲೆ ಹೊನ್ನಾವರವಿದ್ದ ಕೆನರಾ ಜಿಲ್ಲೆ ಇಡಿಯಾಗಿ ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ಆಮೇಲೆ ಜಿಲ್ಲೆ ಉತ್ತರ, ದಕ್ಷಿಣ ಎಂದು ಒಡೆಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯದ ಪಾಲಾಯಿತು. ಇದರ ಹಿಂದೆ ಹತ್ತಿಯ ವ್ಯಾಪಾರವಿತ್ತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾಗಿತ್ತು, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. ಆ ವ್ಯಾಪಾರಕ್ಕೆ ಕಾರವಾರದಲ್ಲಿ ದೊಡ್ಡ ಬಂದರು ಕಟ್ಟಬೇಕೆಂದು ಮುಂಬಯಿಯ ವರ್ತಕರು ಹಟ ಹಿಡಿದಿದ್ದರು. ಆಡಳಿತದ ಈ ಬದಲಾವಣೆ ಹೊನ್ನಾವರದ ಒಂದು ತಲೆಮಾರಿನ ದಿಕ್ಕನ್ನೇ ತಿರುಗಿಸಿತು. ಮೇಲ್ಮನವಿಗೆ, ಕಾಲೇಜಿಗೆ, ನೌಕರಿಗೆ ಮದ್ರಾಸಿನ ಕಡೆ ನೋಡಬೇಕಾಗಿದ್ದವರು ಕಡಲ ದಾರಿಯಲ್ಲಿ ಮುಂಬಯಿಗೆ ಹೊರಟರು. 1869ರಲ್ಲಿ, ಇನ್ನೂ ಹದಿಹರೆಯದಲ್ಲಿ, ನಾರಾಯಣ ಕೂಡ ಅಲ್ಲಿಗೆ ಹೋದರು. ಅವರ ಸೋದರಮಾವ ಶಾಮರಾವ್ ವಿಠಲ ಕೈಕಿಣಿ ಮುಂಬಯಿ ಹೈಕೋರ್ಟಿನ ವಕೀಲರು. ಸಮಾಜದ ಬಡ ಹುಡುಗರ ಓದಿಗೆ ನೆರವಾದ ಆ ಶಾಮರಾಯರ ಹೆಸರಿನಲ್ಲೇ 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು ಹುಟ್ಟಿತು.

ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಅಲ್ಲೇ ದಕ್ಷಿಣಾ ಫೆಲೋ ಆದ ಚಂದಾವರ್ಕರ್ 1881ರಲ್ಲಿ ಕಾನೂನು ಪದವಿ ಪಡೆದು ವಕೀಲಿಗೆ ಇಳಿದರು. ಅದಕ್ಕೂ ಮೊದಲೇ, 1878ರಲ್ಲಿ, ಇಂಗ್ಲಿಷ್ ಮತ್ತು ಮರಾಠಿ ಎರಡರಲ್ಲೂ ಹೊರಡುತ್ತಿದ್ದ 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ಭಾಗದ ಸಂಪಾದಕತ್ವ ಅವರಿಗೆ ಸಿಕ್ಕಿತ್ತು. 1889ರವರೆಗೂ ಅದನ್ನು ನಡೆಸಿದರು. ವಿಧವಾ ವಿವಾಹ, ಹೆಣ್ಣುಮಕ್ಕಳ ಶಿಕ್ಷಣಗಳ ಪರ ನಿಂತ ಪತ್ರಿಕೆ ಅದು. ರಾಜಕೀಯ ಸುಧಾರಣೆಯನ್ನೂ ಸಮಾಜ ಸುಧಾರಣೆಯನ್ನೂ ಬೇರ್ಪಡಿಸಲಾಗದು ಎಂಬ ನಿಲುವು ಅವರಲ್ಲಿ ಬಲಿತದ್ದು ಇಲ್ಲಿ, ಮಹಾದೇವ ಗೋವಿಂದ ರಾನಡೆಯವರ ಪ್ರಭಾವದಲ್ಲಿ.

1885 ಅವರ ಬದುಕಿನ ತಿರುವು. ಆ ವರ್ಷ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ. ಭಾರತದ ಅಹವಾಲನ್ನು ಅಲ್ಲಿನ ಮತದಾರರ ಮುಂದಿಡಲು ಮೂರು ಪ್ರಾಂತ್ಯಗಳಿಂದ ಮೂವರನ್ನು ಕಳುಹಿಸಲಾಯಿತು: ಬಂಗಾಳದ ಮನಮೋಹನ ಘೋಷ್, ಮದ್ರಾಸಿನ ಸೇಲಂ ರಾಮಸ್ವಾಮಿ ಮುದಲಿಯಾರ್, ಮುಂಬಯಿಯ ಚಂದಾವರ್ಕರ್. ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಸಮುದ್ರ ದಾಟುವುದು ಶಾಸ್ತ್ರವಿರೋಧ ಎಂದು ಮಠಗಳೂ ಹಿರಿಯರೂ ಬಗೆದಿದ್ದ ಕಾಲದಲ್ಲಿ ಸಂಪ್ರದಾಯಸ್ಥ ಸಮಾಜದ ಯುವಕನೊಬ್ಬ ಇಂಥ ಕೆಲಸಕ್ಕೆ ಒಪ್ಪಿದ್ದೇ ದೊಡ್ಡ ಮಾತು. ಅವರು ಬೆಂಬಲಿಸಿದ ಅಭ್ಯರ್ಥಿ ಲಾಲಮೋಹನ ಘೋಷ್ ಡೆಪ್ಟ್‌ಫರ್ಡಿನಲ್ಲಿ ಸೋತರು. ಆದರೂ ಭಾರತದ ಪ್ರಶ್ನೆಯನ್ನು ನೇರವಾಗಿ ಬ್ರಿಟಿಷ್ ಮತದಾರರ ಬಳಿಗೆ ಒಯ್ದ ಮೊದಲ ಸಂಘಟಿತ ಯತ್ನಗಳಲ್ಲಿ ಇದು ಒಂದು. ಅದೇ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು.

1892ರ ಕೌನ್ಸಿಲ್ ಕಾಯಿದೆಯಿಂದ ಪ್ರಾಂತೀಯ ಶಾಸನಸಭೆಗಳಿಗೆ ನಗರಸಭೆ, ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಹೆಸರು ಸೂಚಿಸುವ ಅವಕಾಶ ಸಿಕ್ಕಿತ್ತು. ಆ ದಶಕದ ಕೊನೆಗೆ ಚಂದಾವರ್ಕರ್ ಮುಂಬಯಿ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಸಭೆ ಹೊಕ್ಕರು. 1900ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ನಡೆದ ಹದಿನಾರನೆಯ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಮರುತಿಂಗಳು, 1901ರ ಜನವರಿ 16ರಂದು, ರಾನಡೆ ತೀರಿಕೊಂಡರು. ಆ ವರ್ಷವೇ ಚಂದಾವರ್ಕರ್ ಮುಂಬಯಿ ಹೈಕೋರ್ಟಿನ ನ್ಯಾಯಪೀಠ ಏರಿದರು. ರಾನಡೆ ಮುನ್ನಡೆಸಿದ್ದ ಸುಧಾರಣಾವಾದಿ ಸಂಘಟನೆ ಪ್ರಾರ್ಥನಾ ಸಮಾಜದ ನಾಯಕತ್ವವೂ ಅವರ ಹೆಗಲಿಗೆ ಬಂತು. ಕಾಂಗ್ರೆಸ್ಸಿನ ಮುಂದಾಳು ಸರ್ಕಾರದ ನ್ಯಾಯಾಧೀಶನಾಗುವುದು ಮುಂದಿನ ತಲೆಮಾರಿಗೆ ವಿಚಿತ್ರವಾಗಿ ಕಂಡೀತು. ಆಗಿನ ಮಂದಗಾಮಿಗಳಿಗೆ ಅದರಲ್ಲಿ ವಿರೋಧಾಭಾಸ ಕಾಣಲಿಲ್ಲ. ಭಾರತೀಯರಿಗೆ ಉನ್ನತ ಹುದ್ದೆ ಸಿಗಬೇಕೆಂಬುದೇ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು.

ಆ ಪೀಠ ಅವರನ್ನು ರಾಷ್ಟ್ರೀಯ ಚಳವಳಿಯ ಇನ್ನೊಂದು ಧಾರೆಗೆ ಎದುರಾಗಿ ನಿಲ್ಲಿಸಿತು. ಮರಾಠಿ ಪದ್ಯಗಳನ್ನು ಪ್ರಕಟಿಸಿದ್ದಕ್ಕೆ ಗಣೇಶ ದಾಮೋದರ ಸಾವರ್ಕರರಿಗೆ ನಾಸಿಕದ ನ್ಯಾಯಾಲಯ ಕರಿನೀರಿನ ಶಿಕ್ಷೆ ಕೊಟ್ಟಿತ್ತು. 1909ರಲ್ಲಿ ಅವರ ಮೇಲ್ಮನವಿಯನ್ನು ಕೇಳಿದವರು ನ್ಯಾಯಾಧೀಶರಾದ ಚಂದಾವರ್ಕರ್ ಮತ್ತು ಹೀಟನ್. ಪುರಾಣದ ಹೆಸರುಗಳ ಮರೆಯಲ್ಲಿ ಆ ಪದ್ಯಗಳು ಸರ್ಕಾರದ ವಿರುದ್ಧ ಯುದ್ಧಕ್ಕೆ ಕರೆ ಕೊಡುತ್ತವೆ ಎಂದು ತೀರ್ಮಾನಿಸಿ ಶಿಕ್ಷೆಯನ್ನು ಎತ್ತಿಹಿಡಿದರು. 1910ರಲ್ಲಿ ವಿನಾಯಕ ದಾಮೋದರ ಸಾವರ್ಕರರಿಗೆ ಜೀವಾವಧಿ ಕರಿನೀರು ವಿಧಿಸಿದ ವಿಶೇಷ ನ್ಯಾಯಮಂಡಳಿಯ ಮೂವರಲ್ಲೂ, ಮುಖ್ಯ ನ್ಯಾಯಾಧೀಶ ಬೇಸಿಲ್ ಸ್ಕಾಟ್ ಮತ್ತು ಹೀಟನ್ ಜೊತೆ, ಅವರಿದ್ದರು. 1918ರಲ್ಲಿ ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧಿತರಾಗಿದ್ದವರ ಕಡತಗಳನ್ನು ನ್ಯಾಯಾಧೀಶ ಬೀಚ್‌ಕ್ರಾಫ್ಟ್ ಜೊತೆ ಪರಿಶೀಲಿಸಿ, ಬಹುಪಾಲು ಬಂಧನಗಳಿಗೆ ಆಧಾರವಿದೆ ಎಂದೇ ವರದಿ ಕೊಟ್ಟರು. ಅವರ ಸಾರ್ವಜನಿಕ ಜೀವನದಲ್ಲಿ ಒಪ್ಪಿಕೊಳ್ಳಲು ಕಷ್ಟವಾಗುವ ಭಾಗ ಇದೇ. ಕಾನೂನಿನ ದಾರಿಯಲ್ಲಿ ಅವರಿಟ್ಟ ನಂಬಿಕೆ, ಆ ಕಾನೂನನ್ನು ಬರೆಯುವ ಅಧಿಕಾರ ಯಾರದೆಂಬ ಪ್ರಶ್ನೆಯನ್ನು ಹಿಂದೆ ಸರಿಸಿಬಿಟ್ಟಿತು.

ಅವರ ನಿಜವಾದ ಧೈರ್ಯ ಕಾಣುವುದು ಸಮಾಜ ಸುಧಾರಣೆಯಲ್ಲಿ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ 1906ರಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದಾಗ ಅದರ ಅಧ್ಯಕ್ಷತೆ ವಹಿಸಿದವರು ಚಂದಾವರ್ಕರ್. ಹೈಕೋರ್ಟಿನ ನ್ಯಾಯಾಧೀಶರೊಬ್ಬರು, ಅದೂ ಬ್ರಾಹ್ಮಣ ಸಮಾಜದವರು, ಆ ಸ್ಥಾನದಲ್ಲಿ ಕೂತದ್ದರಿಂದ ಸಂಸ್ಥೆಗೆ ಹಣವೂ ಮನ್ನಣೆಯೂ ದೊರೆತವು. ಇದಕ್ಕೆ ಒಂಬತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಅವರದೇ ಸಮಾಜದ ವಕೀಲ ಕುದ್ಮುಲ್ ರಂಗರಾಯರು ಇದೇ ಬಗೆಯ ಮಿಷನ್ ಆರಂಭಿಸಿ, ಸ್ವಜಾತಿಯವರ ಬಹಿಷ್ಕಾರ ಎದುರಿಸಿ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಕೆನರಾದ ಎರಡು ತುದಿಗಳಲ್ಲಿ ಬೇರುಬಿಟ್ಟ ಈ ಇಬ್ಬರು ವಕೀಲರನ್ನು ಒಟ್ಟಿಗೆ ನೆನೆಯುವುದು ನ್ಯಾಯ, ರಂಗರಾಯರು ತೆತ್ತ ಬೆಲೆ ಹೆಚ್ಚಿನದಾದರೂ.

1909ರಿಂದ 1912ರವರೆಗೆ ಚಂದಾವರ್ಕರ್ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. 1910ರಲ್ಲಿ ಸರ್ ಪದವಿ ಬಂತು. ಪೀಠದಿಂದ ಇಳಿದ ಮೇಲೆ ಅಲ್ಪಕಾಲ ಇಂದೂರು ಸಂಸ್ಥಾನದ ದಿವಾನಗಿರಿ ನೋಡಿಕೊಂಡು 1914ರ ಹೊತ್ತಿಗೆ ರಾಜಕೀಯಕ್ಕೆ ಮರಳಿದರು. ಅಷ್ಟರಲ್ಲಿ ಕಾಂಗ್ರೆಸ್ಸಿನ ನಡೆ ಬದಲಾಗಿತ್ತು. 1918ರಲ್ಲಿ ಪಕ್ಷ ಒಡೆದಾಗ ಅವರು ಸುರೇಂದ್ರನಾಥ ಬ್ಯಾನರ್ಜಿ, ದಿನ್ಶಾ ವಾಚಾ ಅವರೊಂದಿಗೆ ಮಂದಗಾಮಿಗಳ ಪಾಳೆಯದಲ್ಲಿ ನಿಂತರು. ಹಾಗೆಂದು ಸರ್ಕಾರ ಮಾಡಿದ್ದನ್ನೆಲ್ಲ ಒಪ್ಪಿದವರಲ್ಲ. ಜಲಿಯನ್‌ವಾಲಾ ಬಾಗ್ ಕುರಿತ ಹಂಟರ್ ಸಮಿತಿಯ ವರದಿಯನ್ನು ಖಂಡಿಸಲು 1920ರಲ್ಲಿ ಮುಂಬಯಿಯಲ್ಲಿ ಸೇರಿದ ಸಭೆಗೆ ಅವರೇ ಅಧ್ಯಕ್ಷರು. ಗಾಂಧೀಜಿ ಅಲ್ಲಿ ನಿರ್ಣಯ ಮಂಡಿಸಿದರು.

1919ರ ಸುಧಾರಣಾ ಕಾಯಿದೆಗೆ ಮೊದಲು ಪ್ರಾಂತೀಯ ಶಾಸನಸಭೆಯಲ್ಲಿ ಗವರ್ನರನೇ ಅಧ್ಯಕ್ಷತೆ ವಹಿಸುತ್ತಿದ್ದ. ಹೊಸ ಕಾಯಿದೆ ಆ ಪದ್ಧತಿ ನಿಲ್ಲಿಸಿ, ಮೊದಲ ನಾಲ್ಕು ವರ್ಷಕ್ಕೆ ಗವರ್ನರ್ ನೇಮಿಸಿದ ಅಧ್ಯಕ್ಷ, ನಂತರ ಸದಸ್ಯರೇ ಆರಿಸಿದ ಅಧ್ಯಕ್ಷ ಎಂದು ಗೊತ್ತುಮಾಡಿತು. ಹೀಗೆ 1921ರಲ್ಲಿ ಮುಂಬಯಿ ಶಾಸನಸಭೆಯ ಮೊದಲ ಅಧ್ಯಕ್ಷರಾಗಿ ನೇಮಕಗೊಂಡವರು ಚಂದಾವರ್ಕರ್. ಅಸಹಕಾರ ಚಳವಳಿಯವರು ಈ ಸಭೆಗಳನ್ನು ಬಹಿಷ್ಕರಿಸಿದ್ದರು, ಹೊರಗಿನ ಜನಪ್ರಿಯತೆ ಗಾಂಧೀಜಿಯ ಕಡೆಗಿತ್ತು. ಆದರೆ ಶಿಕ್ಷಣ, ಆರೋಗ್ಯ, ಸ್ಥಳೀಯ ಆಡಳಿತಗಳು ಮೊದಲ ಸಲ ಭಾರತೀಯ ಮಂತ್ರಿಗಳ ಕೈಗೆ ಬಂದದ್ದು ಇದೇ ಅವಧಿಯಲ್ಲಿ. 1921ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡುವ ನಿರ್ಣಯವನ್ನು ಈ ಸಭೆ ಅಂಗೀಕರಿಸಿತು. ಶಿಕ್ಷಣ ಮಂತ್ರಿ ರಘುನಾಥ ಪರಾಂಜಪೆಯವರ ಕಾಲದಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. ಕುಮಟಾ, ಹೊನ್ನಾವರ, ಭಟ್ಕಳಗಳ ಶಾಲೆಗಳೂ ಆ ಕಾಯಿದೆಯ ವ್ಯಾಪ್ತಿಗೇ ಸೇರಿದ್ದವು.

ಅಧಿಕಾರದಲ್ಲಿರುವಾಗಲೇ, 1923ರ ಮೇ 14ರಂದು, ಚಂದಾವರ್ಕರ್ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ನಂತರ ಇಬ್ರಾಹಿಂ ರಹಿಮತುಲ್ಲಾ ಅಧ್ಯಕ್ಷರಾದರು. ಸಾರ್ವಜನಿಕ ಕೆರೆ, ಬಾವಿ, ಶಾಲೆ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂಬ ಸದಸ್ಯ ಎಸ್. ಕೆ. ಬೋಳೆಯವರ ನಿರ್ಣಯ ಅದೇ ವರ್ಷ ಆಗಸ್ಟಿನಲ್ಲಿ ಸಭೆಯಲ್ಲಿ ಗೆದ್ದಿತು. ಅಂಬೇಡ್ಕರರ 1927ರ ಮಹಾಡ ಸತ್ಯಾಗ್ರಹಕ್ಕೆ ಆಧಾರವಾದದ್ದು ಅದೇ. ಚಂದಾವರ್ಕರರ ಭಾಷಣ ಮತ್ತು ಬರಹಗಳ ಸಂಪುಟ 1911ರಲ್ಲೇ ಮುಂಬಯಿಯಲ್ಲಿ ಪ್ರಕಟವಾಗಿತ್ತು. ಮಗ ವಿಠಲ ಚಂದಾವರ್ಕರ್ ಮುಂಬಯಿಯ ಮೇಯರ್ ಆಗಿ, 1933ರಿಂದ 1939ರವರೆಗೆ ತಂದೆ ಕುಳಿತಿದ್ದ ಕುಲಪತಿ ಸ್ಥಾನದಲ್ಲೇ ಕೆಲಸ ಮಾಡಿದರು. ಹೊನ್ನಾವರ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿಯ ಆಡಳಿತದಲ್ಲೇ ಉಳಿದು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು.