ಬ್ಯಾಂಕ್ ನೌಕರಿ ಬಿಟ್ಟ ಹಾಡುಗಾರ

ಶಂಶಾಬಾದಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ತೆಲಂಗಾಣದ ಚರಿತ್ರೆ ಪುಸ್ತಕಕ್ಕಿಂತ ಹೆಚ್ಚಾಗಿ ಹಾಡಿನಲ್ಲೇ ಸಿಗುತ್ತದೆ. ಇದು ಹಳೆಯ ರೂಢಿ. ನಿಜಾಮನ ಆಳ್ವಿಕೆಯಲ್ಲಿ 1946ರಲ್ಲಿ ಶುರುವಾಗಿ 1951ರವರೆಗೆ ನಡೆದ ರೈತರ ಸಶಸ್ತ್ರ ಹೋರಾಟದಲ್ಲಿ ಬುರ್ರಕಥೆಯವರು, ಪದ ಕಟ್ಟುವವರು ಹಳ್ಳಿಹಳ್ಳಿ ತಿರುಗಿದರು. ಓದು ಬಾರದ ಜನಕ್ಕೆ ಅದೇ ಪತ್ರಿಕೆ, ಅದೇ ಭಾಷಣ.

ಆ ಪರಂಪರೆಯ ದೊಡ್ಡ ಹೆಸರು ಗದ್ದರ್. ತೂಪ್ರಾನಿನ ದಲಿತ ಕುಟುಂಬದ ಗುಮ್ಮಡಿ ವಿಠಲ್ ರಾವ್ ಈ ಹೆಸರನ್ನು ಪಡೆದದ್ದು ಗದರ್ ಪಕ್ಷದಿಂದ. ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದ ಭಾರತೀಯರು 1913ರಲ್ಲಿ ಬ್ರಿಟಿಷರ ವಿರುದ್ಧ ಕಟ್ಟಿದ ಪಕ್ಷ ಅದು.

ಬ್ಯಾಂಕಿನವನಾದ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. 1975ರಲ್ಲಿ ಅವರು ನಮ್ಮ ಮಂಗಳೂರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ಗುಮಾಸ್ತರಾದರು. ಆಗ ಬ್ಯಾಂಕ್ ನೌಕರಿ ಅಂದ್ರೆ ಏನು ಅಂತ ನಮ್ಮ ತಲೆಮಾರಿನವರಿಗೆ ಹೇಳಬೇಕಾಗಿಲ್ಲ. ಖಾಯಂ ಸಂಬಳ, ಪಿ.ಎಫ್., ಮನೆ ಸಾಲ, ಮಕ್ಕಳ ಓದು ಎಲ್ಲವೂ ಅದರಲ್ಲೇ. 1984ರಲ್ಲಿ ಅದನ್ನು ಬಿಟ್ಟು ಹೆಗಲಿಗೆ ಕಂಬಳಿ, ಕಾಲಿಗೆ ಗೆಜ್ಜೆ ಕಟ್ಟಿ ಜನನಾಟ್ಯ ಮಂಡಳಿಗೇ ಪೂರ್ತಿ ನಿಂತರು.

ಮರುವರ್ಷ ಆಂಧ್ರದ ಕಾರಂಚೇಡಿನಲ್ಲಿ ದಲಿತರ ಹತ್ಯೆಯಾಯಿತು. ಅದನ್ನು ಪ್ರತಿಭಟಿಸಿದ ಗದ್ದರ್ ಆನಂತರ ಭೂಗತರಾದರು. 1990ರ ಫೆಬ್ರವರಿಯಲ್ಲಿ ಹೊರಬಂದಾಗ ಹೈದರಾಬಾದಿನ ನಿಜಾಮ್ ಕಾಲೇಜು ಮೈದಾನದಲ್ಲಿ ಜನವೋ ಜನ. 1997ರ ಏಪ್ರಿಲ್ 6ರಂದು ಮನೆಗೇ ಬಂದು ಅವರ ಮೇಲೆ ಗುಂಡು ಹಾರಿಸಿದರು. ಒಂದು ಗುಂಡು ಕೊನೆಯವರೆಗೂ ಮೈಯಲ್ಲೇ ಉಳಿಯಿತು.

ನಮ್ಮ ಕರ್ನಾಟಕದಲ್ಲೂ ಇಂಥ ಕಾಲವೊಂದಿತ್ತು. 1975ರಲ್ಲಿ ಹುಟ್ಟಿದ 'ಸಮುದಾಯ' ತಂಡ 'ಬೆಲ್ಚಿ'ಯನ್ನು ಬೀದಿಯಲ್ಲಿ ಆಡಿತು. ಸಿದ್ಧಲಿಂಗಯ್ಯನವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ನಡೆದವು. ಅವರು 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಗದ್ದರ್ ಮಾತ್ರ ಮೊದಲ ಸಲ ಮತ ಹಾಕಿದ್ದೇ 2018ರಲ್ಲಿ. ಅವರು ಬಹುಕಾಲ ನಂಬಿದ ನಕ್ಸಲ್ ದಾರಿಯನ್ನು ನಾನು ಒಪ್ಪುವವನಲ್ಲ. ಆದರೆ ಆಡಿದ್ದಕ್ಕೆ ತೆತ್ತ ಬೆಲೆಯನ್ನು ಅಲ್ಲಗಳೆಯೋಕಾಗುತ್ತಾ?

2023ರ ಆಗಸ್ಟ್ 6ರಂದು ಅವರು ತೀರಿಕೊಂಡರು. ಸರ್ಕಾರಿ ಗೌರವದ ಅಂತ್ಯಸಂಸ್ಕಾರವಾಯಿತು. ಈಗ ತೆಲಂಗಾಣ ಸರ್ಕಾರದ ಚಲನಚಿತ್ರ ಪ್ರಶಸ್ತಿಗೆ ಅವರದೇ ಹೆಸರು. ಸಂತೋಷ. ಆದರೆ ಒಬ್ಬ ಗುಮಾಸ್ತ ಸಂಬಳ ಬಿಟ್ಟು ಯಾತಕ್ಕಾಗಿ ಹಾಡಿದ ಅನ್ನೋದು ಪ್ರಶಸ್ತಿ ಫಲಕದಲ್ಲಿ ಇರೋದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಕನ್ನಡದ ಮಕ್ಕಳಿಗೆ ಅದನ್ನು ನಾವೇ ಹೇಳಬೇಕು. ನಮಗಿದು ಪರವೂರಿನ ಕಥೆ, ಅವರಿಗೆ ತಮ್ಮೂರಿನ ಚರಿತ್ರೆ.