ಮನೆಯ ಗಣಕವೂ ಸರ್ವರ್ ಆದ ಕಥೆ

ಕುಣಿಗಲ್‌ನ ನಿಮ್ಮ ಮನೆಯಲ್ಲಿ ಕುಳಿತು ಒಂದು ಜಾಲತಾಣದ ವಿಳಾಸವನ್ನು ಬೆರಳಚ್ಚಿಸುತ್ತೀರಿ ಎಂದಿಟ್ಟುಕೊಳ್ಳಿ. ನಿಮ್ಮ ಕೋರಿಕೆ ದೂರದ ಯಾವುದೋ ಗಣಕವನ್ನು ತಲುಪುತ್ತದೆ. ಆ ಗಣಕ ಪುಟವನ್ನು ನಿಮಗೆ ಕಳುಹಿಸಿಕೊಡುತ್ತದೆ. ಹೀಗೆ ಕೇಳಿದವರಿಗೆ ಪುಟ ಬಡಿಸುವ ಗಣಕವೇ ವೆಬ್ ಸರ್ವರ್. ಸರ್ವರ್ ಎಂದೊಡನೆ ಹವಾನಿಯಂತ್ರಿತ ಕೊಠಡಿಯಲ್ಲಿ ಸಾಲಾಗಿ ನಿಂತ ಕಪ್ಪು ಪೆಟ್ಟಿಗೆಗಳು ನಿಮ್ಮ ಕಣ್ಣಮುಂದೆ ಬರಬಹುದು. ಆದರೆ ಸರ್ವರ್ ಎಂಬುದು ಯಂತ್ರದ ಹೆಸರಲ್ಲ, ಕೆಲಸದ ಹೆಸರು. ನಿಮ್ಮ ಮೇಜಿನ ಮೇಲಿರುವ ಗಣಕವೂ ಆ ಕೆಲಸವನ್ನು ಮಾಡಬಲ್ಲದು. ಹಾಗಿದ್ದರೆ ಮನೆ ಬಳಕೆಯ ಗಣಕಕ್ಕೆ ಆ ಕೆಲಸ ಸುಲಭವಾಗಿ ಏಕೆ ಸಿಗಲಿಲ್ಲ? ಇದರ ಹಿಂದೆ ಒಂದು ಇತಿಹಾಸವಿದೆ.

ಬಡಿಸುವವನೂ ಉಣ್ಣುವವನೂ ಒಬ್ಬನೇ

ಜಗತ್ತಿನ ಮೊದಲ ವೆಬ್ ಸರ್ವರ್ ಮೇಜಿನ ಮೇಲಿನ ಗಣಕವೇ ಆಗಿತ್ತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ತಮ್ಮ ನೆಕ್ಸ್ಟ್ ಗಣಕದಲ್ಲಿಯೇ ಸರ್ವರನ್ನೂ ಬ್ರೌಸರನ್ನೂ ಸಿದ್ಧಪಡಿಸಿದರು. ಇದು ಸರ್ವರ್, ದಯವಿಟ್ಟು ಆರಿಸಬೇಡಿ ಎಂಬರ್ಥದ ಚೀಟಿಯೊಂದನ್ನು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು. ಬಡಿಸುವ ತಂತ್ರಾಂಶ, ಕೇಳುವ ತಂತ್ರಾಂಶ ಎರಡೂ ಒಂದೇ ಗಣಕದಲ್ಲಿರಬಹುದು ಎಂಬುದು ಅಂದೇ ಸ್ಪಷ್ಟವಾಗಿತ್ತು.

ಇದು ಹೇಗೆ ಸಾಧ್ಯ? ಪ್ರತಿಯೊಂದು ಗಣಕಕ್ಕೂ ತನ್ನನ್ನು ತಾನೇ ಕರೆದುಕೊಳ್ಳಲು 127.0.0.1 ಎಂಬ ವಿಳಾಸವಿದೆ. ಇದರ ಇನ್ನೊಂದು ಹೆಸರು ಲೋಕಲ್‌ಹೋಸ್ಟ್. ಸರ್ವರ್ ತಂತ್ರಾಂಶವು ಸಾಮಾನ್ಯವಾಗಿ 80ನೇ ಸಂಖ್ಯೆಯ ಪೋರ್ಟ್ ಎಂಬ ಬಾಗಿಲಲ್ಲಿ ಕಾದು ಕುಳಿತಿರುತ್ತದೆ. ಬ್ರೌಸರಿನಲ್ಲಿ ನೀವು ಈ ವಿಳಾಸ ನೀಡಿದರೆ ಕೋರಿಕೆ ಮನೆಯ ಹೊಸ್ತಿಲು ದಾಟುವುದೇ ಇಲ್ಲ. ಅಂತರಜಾಲ ಸಂಪರ್ಕ ಇಲ್ಲದಿದ್ದರೂ ಪುಟ ತೆರೆದುಕೊಳ್ಳುತ್ತದೆ.

ತಡೆದದ್ದು ಯಂತ್ರವಲ್ಲ

1994ರಲ್ಲಿ ಬಾಬ್ ಡೆನ್ನಿ ಎಂಬ ತಂತ್ರಜ್ಞರು ಸಾಮಾನ್ಯ ವಿಂಡೋಸ್ 3.1 ಗಣಕದಲ್ಲಿಯೇ ನಡೆಯುವ ವೆಬ್ ಸರ್ವರನ್ನು ಬರೆದರು. ಮರುವರ್ಷ ಅವರ ವೆಬ್‌ಸೈಟ್ ಎಂಬ ಸರ್ವರ್ ತಂತ್ರಾಂಶವನ್ನು ಓರೈಲಿ ಸಂಸ್ಥೆ ಮಾರಾಟಕ್ಕೆ ತಂದಿತು. ತೊಡಕು ಬಂದದ್ದು 1996ರಲ್ಲಿ. ವಿಂಡೋಸ್ ಎನ್‌ಟಿ 4.0ರ ಅಗ್ಗದ ಆವೃತ್ತಿಯಾದ ವರ್ಕ್‌ಸ್ಟೇಷನ್‌ಗೆ ಬರುವ ಜಾಲ ಸಂಪರ್ಕಗಳನ್ನು ಹತ್ತಕ್ಕೆ ಸೀಮಿತಗೊಳಿಸಲು ಮೈಕ್ರೋಸಾಫ್ಟ್ ಹೊರಟಿತು. ಹೆಚ್ಚು ಜನರಿಗೆ ಬಡಿಸಬೇಕಿದ್ದವರು ದುಬಾರಿಯಾದ ಸರ್ವರ್ ಆವೃತ್ತಿಯನ್ನೇ ಕೊಳ್ಳಬೇಕಿತ್ತು. ಟಿಮ್ ಓರೈಲಿ ಮೊದಲಾದವರು ಪ್ರತಿಭಟಿಸಿದಾಗ ಕಂಪನಿಯು ಆ ಮಿತಿಯನ್ನು ತಂತ್ರಾಂಶದಿಂದ ತೆಗೆದು ಪರವಾನಗಿ ಪತ್ರದಲ್ಲಿ ಉಳಿಸಿಕೊಂಡಿತು. ಅದೇ ವರ್ಷ ಮಾರ್ಕ್ ರುಸ್ಸಿನೊವಿಚ್ ಮತ್ತು ಆಂಡ್ರ್ಯೂ ಶುಲ್ಮನ್ ಎರಡೂ ಆವೃತ್ತಿಗಳ ತಿರುಳು ಒಂದೇ ಎಂಬುದನ್ನೂ, ಕೆಲವೇ ಸೆಟ್ಟಿಂಗ್‌ಗಳು ಅವುಗಳನ್ನು ಬೇರೆ ಮಾಡುತ್ತವೆ ಎಂಬುದನ್ನೂ ತೋರಿಸಿಕೊಟ್ಟರು. ಅಂದರೆ ಗಣಕದ ಸಾಮರ್ಥ್ಯಕ್ಕೂ ಈ ಮಿತಿಗೂ ಸಂಬಂಧವಿರಲಿಲ್ಲ.

ವಿಂಡೋಸ್ 98ರ ಸಿ.ಡಿ.ಯಲ್ಲಿ ಪರ್ಸನಲ್ ವೆಬ್ ಸರ್ವರ್ ಎಂಬ ಪುಟ್ಟ ತಂತ್ರಾಂಶವಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಪ್ರೊಫೆಷನಲ್ ಆವೃತ್ತಿಗೆ ಹತ್ತು ಸಂಪರ್ಕಗಳ ಮಿತಿಯುಳ್ಳ ಐಐಎಸ್ 5.1 ಸರ್ವರ್ ದೊರೆಯಿತು. ಮನೆಗಳಿಗೆಂದೇ ಮಾರಿದ ಹೋಮ್ ಆವೃತ್ತಿಗೆ ಅದೂ ಸಿಗಲಿಲ್ಲ.

ಇಲ್ಲಿ ಇನ್ನೊಂದು ಮಗ್ಗುಲನ್ನೂ ನಾವು ನೋಡಬೇಕು. 2001ರ ಜುಲೈ 19ರಂದು ಕೋಡ್ ರೆಡ್ ಎಂಬ ಕುತಂತ್ರಾಂಶವು ಐಐಎಸ್‌ನ ದೋಷವನ್ನು ಬಳಸಿಕೊಂಡು ಸುಮಾರು 14 ಗಂಟೆಗಳಲ್ಲಿ 3,59,000ಕ್ಕೂ ಹೆಚ್ಚು ಗಣಕಗಳಿಗೆ ಹರಡಿತು. ತಮ್ಮ ಗಣಕದಲ್ಲಿ ಸರ್ವರ್ ನಡೆಯುತ್ತಿದೆ ಎಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಅರಿವಿಲ್ಲದೆ ತೆರೆದಿಟ್ಟ ಬಾಗಿಲು ಅಪಾಯಕಾರಿ ಎಂಬುದು ನಿಜ. 2004ರಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಫೈರ್‌ವಾಲನ್ನು ತಾನಾಗಿಯೇ ಚಾಲನೆಗೊಳಿಸಿತು. ಬಾಗಿಲನ್ನೇ ಕಿತ್ತುಹಾಕುವ ಬದಲು ಅದಕ್ಕೆ ಅಗುಳಿ ಹಾಕಬಹುದು ಎಂಬುದಕ್ಕೆ ಇದು ನಿದರ್ಶನ. 2007ರ ವಿಂಡೋಸ್ ವಿಸ್ಟಾದ ಹೋಮ್ ಪ್ರೀಮಿಯಂ ಆವೃತ್ತಿಯಲ್ಲಿ ಐಐಎಸ್ ಮನೆಯ ಗಣಕಕ್ಕೂ ಬಂದಿತು.

ಮುಕ್ತ ತಂತ್ರಾಂಶದ ನೆರವು

ಅಷ್ಟರಲ್ಲಿ ಬೇರೊಂದು ದಾರಿ ತೆರೆದುಕೊಂಡಿತ್ತು. 1995ರಲ್ಲಿ ಕೆಲವು ಸ್ವಯಂಸೇವಕರು ಸೇರಿ ಅಪಾಚೆ ಎಂಬ ಮುಕ್ತ ಸರ್ವರನ್ನು ರೂಪಿಸಿದರು. 1998ರ 1.3 ಆವೃತ್ತಿ ವಿಂಡೋಸ್‌ನಲ್ಲೂ ಕೆಲಸ ಮಾಡತೊಡಗಿತು. ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ, ಪರ್ಲ್‌ಗಳನ್ನು ಒಂದೇ ಕಟ್ಟಾಗಿಸಿದ ಕ್ಸಾಂಪ್ 2002ರಲ್ಲಿ ಬಂದಿತು. ಇವಾವುವೂ ನಿಮ್ಮ ವಿಂಡೋಸ್ ಹೋಮೋ ಪ್ರೊಫೆಷನಲ್ಲೋ ಎಂದು ಕೇಳುವುದಿಲ್ಲ. ಬೆಲೆಯೂ ಇಲ್ಲ.

ಇದರಿಂದ ನಮ್ಮ ವಿದ್ಯಾರ್ಥಿಗಳಿಗೆ ಏನು ಲಾಭವಾಯಿತು? ತುಮಕೂರು, ಗುಬ್ಬಿಗಳ ಇಂಜಿನಿಯರಿಂಗ್ ಕಾಲೇಜುಗಳು ಸೇರಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ವೆಬ್ ಪ್ರೋಗ್ರಾಮಿಂಗ್ ಪ್ರಯೋಗಾಲಯವಿತ್ತು. ಸರ್ವರಿನ ಹೆಸರು, ಅದರ ತಂತ್ರಾಂಶ, ನಿಯಮಾವಳಿ ಇವನ್ನು ತೋರಿಸುವ ಪರ್ಲ್ ಕ್ರಮವಿಧಿ ಬರೆಯುವುದು ಅದರ ಒಂದು ಪ್ರಯೋಗ. ಈ ಕಡತವನ್ನು ಬ್ರೌಸರಿನಲ್ಲಿ ನೇರವಾಗಿ ತೆರೆದರೆ ಬರೆದ ಸಾಲುಗಳಷ್ಟೇ ಕಾಣುತ್ತವೆ. ಅದನ್ನು ನಡೆಸಿ ಉತ್ತರವನ್ನು ಪುಟವಾಗಿ ಕೊಡಲು ಸರ್ವರ್ ಬೇಕೇ ಬೇಕು. ಮನೆಯಲ್ಲಿ ಎಕ್ಸ್‌ಪಿ ಹೋಮ್ ಇದ್ದವರು ಅಪಾಚೆ ಇಲ್ಲದಿದ್ದರೆ ಪ್ರತಿ ತಪ್ಪನ್ನು ತಿದ್ದಲೂ ಕಾಲೇಜಿನ ಪ್ರಯೋಗಾಲಯದ ಸರದಿಗಾಗಿ ಕಾಯಬೇಕಿತ್ತು.

ಕನ್ನಡದ ಪುಟಗಳಿಗೂ ಇದು ಉಪಕಾರಿಯೇ. ಎಕ್ಸ್‌ಪಿಯಲ್ಲಿ ತುಂಗ ಎಂಬ ಯುನಿಕೋಡ್ ಕನ್ನಡ ಅಕ್ಷರಶೈಲಿ ಇತ್ತು. ನೇರವಾಗಿ ತೆರೆದಾಗ ಸರಿಯಾಗಿ ಕಾಣುತ್ತಿದ್ದ ಪುಟ ಸರ್ವರ್ ಮೂಲಕ ಬಂದಾಗ ಅರ್ಥವಿಲ್ಲದ ಚಿಹ್ನೆಗಳಾಗುವುದಿತ್ತು. ಕಾರಣ ಸರಳ. ಅಪಾಚೆ 2.0ರ ಆರಂಭದ ಆವೃತ್ತಿಗಳ ಸಂರಚನಾ ಕಡತವು ಪ್ರತಿ ಪುಟವನ್ನೂ ಐರೋಪ್ಯ ಲಿಪಿಸಂಕೇತದ್ದೆಂದು ಘೋಷಿಸುತ್ತಿತ್ತು. ಪುಟದೊಳಗಿನ ಸೂಚನೆಗಿಂತ ಸರ್ವರಿನ ಮಾತಿಗೇ ಬ್ರೌಸರ್ ಬೆಲೆ ಕೊಡುತ್ತದೆ. ಆ ಸಾಲನ್ನು ಯುಟಿಎಫ್-8 ಎಂದು ಬದಲಿಸಿದರೆ ಕನ್ನಡ ಸರಿಯಾಗುತ್ತದೆ. ಸರ್ವರ್ ನಿಮ್ಮ ಕೈಯಲ್ಲಿದ್ದರೆ ಮಾತ್ರ ಇಂಥ ತಿದ್ದುಪಡಿ ನಿಮ್ಮಿಂದ ಸಾಧ್ಯ.

ಬೆಟ್ಟದ ಬುಡದಲ್ಲಿ

ತುಮಕೂರಿಗೆ ಹತ್ತಿರವೇ ಇರುವ ದೇವರಾಯನದುರ್ಗದಲ್ಲಿ ಈ ಕಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೆಂಗಳೂರಿನ ಜನಸ್ತು ಸಂಸ್ಥೆಯು ಅಲ್ಲಿನ ಜನರೊಡನೆ ಸೇರಿ ಸಮುದಾಯದ್ದೇ ಆದ ವೈಫೈ ಜಾಲವನ್ನು ಕಟ್ಟಿತು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವೇ ಅಲ್ಲಿ ಸರ್ವರ್. 2012ರಲ್ಲಿ ಇದು ಮಾರುಕಟ್ಟೆಗೆ ಬಂದಾಗ ಬೆಲೆ 35 ಡಾಲರ್. ಊರವರು ಧ್ವನಿಮುದ್ರಿಸಿದ ಮಾತುಕತೆಗಳನ್ನು ಹೊರಗಿನ ಅಂತರಜಾಲದ ಹಂಗಿಲ್ಲದೆ ಊರಿನಲ್ಲೇ ಇಟ್ಟು ಊರಿನಲ್ಲೇ ಕೇಳಬಹುದು. ಓದಲು ಬಾರದವರೂ ಇದರಲ್ಲಿ ಪಾಲ್ಗೊಳ್ಳಬಹುದು.

ಇಂದು ನೀವು ಸರ್ವರ್ ನಡೆಸಲು ದೊಡ್ಡ ಸಿದ್ಧತೆಯೇನೂ ಬೇಕಿಲ್ಲ. ಪೈಥಾನ್ ಭಾಷೆಯನ್ನು ಅಳವಡಿಸಿಕೊಂಡರೆ ಒಂದೇ ಸಾಲಿನ ಆದೇಶ ಸಾಕು. ಆದರೆ ಅದನ್ನು ಕಲಿಕೆಗೆ ಮಾತ್ರ ಬಳಸಿ, ಫೈರ್‌ವಾಲ್ ಚಾಲನೆಯಲ್ಲಿರಲಿ, ಕೆಲಸ ಮುಗಿದ ಮೇಲೆ ನಿಲ್ಲಿಸಿ. ನಿಮ್ಮ ಊರಿನ ಕೆರೆಯ ಬಗ್ಗೆಯೋ ಶಾಲೆಯ ಬಗ್ಗೆಯೋ ಒಂದು ಪುಟ ಬರೆದು, 127.0.0.1 ಎಂದು ಬೆರಳಚ್ಚಿಸಿ ಪೋರ್ಟ್ ಸಂಖ್ಯೆಯನ್ನೂ ಸೇರಿಸಿ ನೋಡಿ. ನಿಮ್ಮದೇ ಗಣಕ ನಿಮಗೆ ಉತ್ತರ ಕೊಡುತ್ತದೆ.