ಕಾರಿನ ಇಮ್ಮೊಬಿಲೈಸರ್

ಸರಿಯಾದ ಕೀ ಹತ್ತಿರವಿಲ್ಲದಿದ್ದರೆ ಕಾರಿನ ಎಂಜಿನ್ ಚಾಲೂ ಆಗದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಕಳ್ಳ ಗಾಜು ಒಡೆದು ಒಳಗೆ ಕೂತು ಇಗ್ನಿಷನ್ ವೈರುಗಳನ್ನು ಕಿತ್ತು ಜೋಡಿಸಿದರೂ ಎಂಜಿನ್‌ಗೆ ಇಂಧನವಾಗಲಿ ಕಿಡಿಯಾಗಲಿ ಸಿಗುವುದಿಲ್ಲ. ಕೆಲವು ಕಾರುಗಳಲ್ಲಿ ಸೆಲ್ಫ್ ಕೂಡ ತಿರುಗುವುದಿಲ್ಲ. ಮಾರುತಿ ಸುಜುಕಿ ಕಾರುಗಳಲ್ಲಿ ಇದಕ್ಕೆ ಐಕ್ಯಾಟ್ಸ್ ಎಂದು ಹೆಸರು.

ಕೀಯ ಪ್ಲಾಸ್ಟಿಕ್ ತಲೆಯೊಳಗೆ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಚಿಪ್ ಇರುತ್ತದೆ. ಕೀ ತೂರಿಸುವ ಲಾಕ್‌ನ ಸುತ್ತ ಒಂದು ತಂತಿ ಸುರುಳಿ ಇದ್ದು, ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವರ್ತನದಲ್ಲಿ ಕಾಂತಕ್ಷೇತ್ರ ಹೊರಡಿಸುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ವಿದ್ಯುತ್ ಪಡೆದು ಉತ್ತರ ಕೊಡುತ್ತದೆ. ಅದಕ್ಕೆ ಸ್ವಂತ ಸೆಲ್ ಬೇಡ. ಹಳೆಯ ಚಿಪ್‌ಗಳು ಯಾವಾಗಲೂ ಒಂದೇ ಸಂಖ್ಯೆ ಹೇಳುತ್ತಿದ್ದವು. ನಂತರದವು, ಕಾರು ಪ್ರತಿ ಸಲ ಹೊಸದಾಗಿ ಕಳಿಸುವ ಸಂಖ್ಯೆಯನ್ನು ಗುಪ್ತ ಸೂತ್ರಕ್ಕೆ ಹಾಕಿ ಬಂದ ಉತ್ತರವನ್ನು ಕಳಿಸುತ್ತವೆ. ಅದು ತಾಳೆಯಾದರೆ ಮಾತ್ರ ಎಂಜಿನ್‌ನ ನಿಯಂತ್ರಣ ಘಟಕ (ಇಸಿಯು) ಅನುಮತಿ ಕೊಡುತ್ತದೆ.

ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಈ ಸಂವಾದ ತುಸು ದೂರದಿಂದ ನಡೆಯುತ್ತದೆ. ಮರ್ಸಿಡಿಸ್ ಬೆಂಜ್ 1998ರ ಎಸ್-ಕ್ಲಾಸ್‌ನೊಂದಿಗೆ ಕೀಲೆಸ್ ಗೋ ಎಂಬ ಹೆಸರಿನಲ್ಲಿ ತಂದ ಪದ್ಧತಿ ಈಗ ಸಣ್ಣ ಕಾರುಗಳಿಗೂ ಇಳಿದಿದೆ. ಕಾರು ಕಡಿಮೆ ಆವರ್ತನದಲ್ಲಿ ಕರೆಯುತ್ತದೆ, ಜೇಬಿನಲ್ಲಿರುವ ರಿಮೋಟ್ ಕೀ ರೇಡಿಯೋ ಅಲೆಯಲ್ಲಿ, ಹಲವೆಡೆ 433 ಮೆಗಾಹರ್ಟ್ಸ್‌ನಲ್ಲಿ, ಓಗೊಡುತ್ತದೆ. ಈ ಓಗೊಡುವ ಕೆಲಸಕ್ಕೆ ಮಾತ್ರ ಸೆಲ್ ಬೇಕು.

ಜನರಲ್ ಮೋಟರ್ಸ್ 1986ರ ಕಾರ್ವೆಟ್‌ನಲ್ಲಿ ಕೀಯ ಅಲಗಿಗೆ ರೆಸಿಸ್ಟರ್ ಕೂರಿಸಿ ಮೊದಲ ಹೆಜ್ಜೆ ಇಟ್ಟಿತ್ತು; ಆ ರೆಸಿಸ್ಟರಿಗೆ ಇದ್ದದ್ದು 15 ಬಗೆಯ ರೋಧಮೌಲ್ಯಗಳಷ್ಟೇ. ಯುರೋಪಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ಅಮೆರಿಕದಲ್ಲಿ ಅಂಥ ಕಾನೂನು ಬರಲಿಲ್ಲ. ಅದರ ಫಲ 2021ರ ನಂತರ ಕಂಡಿತು: ಇಮ್ಮೊಬಿಲೈಸರ್ ಇಲ್ಲದೆ ಅಲ್ಲಿ ಮಾರಾಟವಾಗಿದ್ದ ಹ್ಯುಂಡೈ, ಕಿಯಾ ಕಾರುಗಳನ್ನು ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದ ತಿರುಗಿಸಿ ಒಯ್ದರು. ಇಮ್ಮೊಬಿಲೈಸರ್ ಇದ್ದರೂ ಅದು ಅಭೇದ್ಯವಲ್ಲ. ಒಂದು ಜನಪ್ರಿಯ ಚಿಪ್‌ನ 40 ಬಿಟ್ ಗೂಢಲಿಪಿಯನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು 2005ರಲ್ಲಿ ಮುರಿದು ತೋರಿಸಿದರು. ಜೇಬಿನ ಕೀಯ ಸಂಕೇತವನ್ನು ಎರಡು ಆಂಟೆನಾಗಳ ಮೂಲಕ ದೂರದ ಕಾರಿಗೆ ದಾಟಿಸುವ ರಿಲೇ ದಾಳಿಯನ್ನು ಜ್ಯೂರಿಕ್‌ನ ಇಟಿಎಚ್ ತಂಡ 2011ರಲ್ಲಿ 10 ಮಾದರಿಯ ಕಾರುಗಳ ಮೇಲೆ ಪರೀಕ್ಷಿಸಿತು.

ದೋಷ ಪತ್ತೆ. ಗಾಡಿ ಹಿಡಿಯದಿದ್ದಾಗ ಇಮ್ಮೊಬಿಲೈಸರ್ ಮೇಲೆ ಅನುಮಾನ ಬರುವುದು ಸಹಜ. ಆದರೆ ಬಹಳ ಸಲ ಕಾರಣ ಬೇರೆಯೇ ಆಗಿರುತ್ತದೆ. ಮೊದಲು ಡ್ಯಾಶ್‌ಬೋರ್ಡ್ ನೋಡಬೇಕು. ಇಗ್ನಿಷನ್ ಆನ್ ಮಾಡಿದಾಗ ಕೀ ಅಥವಾ ಬೀಗದ ಚಿತ್ರದ ದೀಪ ಒಮ್ಮೆ ಹೊತ್ತಿ ಆರಿದರೆ ಸಾಮಾನ್ಯವಾಗಿ ಕೀ ಗುರುತು ಸಿಕ್ಕಿದೆ ಎಂದರ್ಥ. ಹಾಗಿದ್ದರೆ ತೊಂದರೆ ಪೆಟ್ರೋಲ್, ಪ್ಲಗ್, ಸೆನ್ಸರ್‌ಗಳ ಕಡೆಗಿದೆ. ದೀಪ ಮಿಣುಕುತ್ತಲೇ ಇದ್ದು, ಎಂಜಿನ್ ಒಂದೆರಡು ಸೆಕೆಂಡ್ ಓಡಿ ನಿಂತರೆ ಅನುಮಾನ ನಿಜವಿರಬಹುದು. ದೀಪದ ಭಾಷೆ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಕಾರಿನ ಕೈಪಿಡಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ದೊಡ್ಡ ಬ್ಯಾಟರಿ ಡೌನ್ ಆಗಿದ್ದರೆ ಎಲೆಕ್ಟ್ರಾನಿಕ್ ಘಟಕಗಳು ದಾರಿ ತಪ್ಪಿ ಕೀಯನ್ನೇ ಒಪ್ಪದಿರಬಹುದು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗುವುದು ವ್ಯರ್ಥ. ಟರ್ಮಿನಲ್ ಮೇಲೆ ಬೆಳೆದ ಬಿಳಿ, ಹಸಿರು ಪುಡಿಯನ್ನೂ ಇದೇ ಹೊತ್ತಿನಲ್ಲಿ ಉಜ್ಜಿ ತೆಗೆಯಬೇಕು.

ಗುಂಡಿಯ ಕಾರು ‘ಕೀ ಸಿಗುತ್ತಿಲ್ಲ’ ಎಂದು ಹೇಳಿದರೆ ರಿಮೋಟ್‌ನ ಸೆಲ್ ಮುಗಿದಿರಬಹುದು. ಇದಕ್ಕೆ ಗಾಬರಿ ಬೇಡ. ರಿಮೋಟ್‌ನೊಳಗೆ ಅಡಗಿರುವ ಲೋಹದ ಕೀಯಿಂದ ಬಾಗಿಲು ತೆರೆದು, ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿದರೆ ಅನೇಕ ಕಾರುಗಳು ಚಾಲೂ ಆಗುತ್ತವೆ, ಏಕೆಂದರೆ ಟ್ರಾನ್ಸ್‌ಪಾಂಡರ್‌ಗೆ ಸೆಲ್‌ನ ಹಂಗಿಲ್ಲ. ಕೆಲವು ಮಾದರಿಗಳಲ್ಲಿ ತಾಗಿಸುವ ಜಾಗ ಕಪ್ ಹೋಲ್ಡರ್‌ನಲ್ಲೋ ಗೇರ್ ಬಳಿಯೋ ಇರುತ್ತದೆ. ಬಳಿಕ ಅದೇ ಅಳತೆಯ ಹೊಸ ಸೆಲ್ ಹಾಕಿದರಾಯಿತು. ಹೆಚ್ಚಾಗಿ ಅದು 3 ವೋಲ್ಟ್‌ನ ಸಿಆರ್2032. ಕೀ ಗೊಂಚಲಿನಲ್ಲಿ ಇನ್ನೊಂದು ಚಿಪ್ ಕೀ ಇದ್ದರೆ, ರಿಮೋಟ್ ಪಕ್ಕದಲ್ಲೇ ಫೋನ್ ಚಾರ್ಜಾಗುತ್ತಿದ್ದರೆ ಸಂಕೇತಕ್ಕೆ ಅಡ್ಡಿಯಾಗಬಹುದು; ಅವನ್ನು ದೂರವಿಟ್ಟು ನೋಡಬೇಕು.

ಬ್ರೇಕ್ ಒತ್ತಿದ್ದು ಕಾರಿಗೆ ತಿಳಿಯದಿದ್ದರೂ ಗುಂಡಿ ಕೆಲಸ ಮಾಡದು. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಹಿಂದೆ ನಿಂತು ನೋಡಿದರೆ ಸಾಕು: ಬ್ರೇಕ್ ದೀಪ ಹತ್ತದಿದ್ದರೆ ಫ್ಯೂಸ್ ಅಥವಾ ಪೆಡಲ್ ಮೇಲಿನ ಸ್ವಿಚ್ ಹೋಗಿದೆ. ಮ್ಯಾನ್ಯುಯಲ್ ಗಾಡಿಗಳಲ್ಲಿ ಮ್ಯಾಟ್ ಜರುಗಿ ಕ್ಲಚ್ ಪೂರ್ತಿ ಕೆಳಗಿಳಿಯದಿದ್ದರೂ ಇದೇ ಗತಿ.

ಮನೆಯಲ್ಲೇ ಹುಟ್ಟುವ ದೋಷವೂ ಒಂದಿದೆ. ಕೀಯ ಹಳೆಯ ಕವಚ ಸವೆದಿದೆಯೆಂದು ಆನ್‌ಲೈನ್‌ನಲ್ಲಿ ಮಡಚುವ ಕೀಯ ಖಾಲಿ ಕವಚ ತರಿಸಿ, ರಿಮೋಟ್‌ನ ಸರ್ಕ್ಯೂಟ್ ಬೋರ್ಡನ್ನು ಅದಕ್ಕೆ ದಾಟಿಸುತ್ತಾರೆ. ಬಾಗಿಲು ತೆರೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಚಿಪ್ ಬೋರ್ಡ್ ಮೇಲಿರದೆ, ಹಳೆಯ ಕವಚದ ಮೂಲೆಯ ಗುಳಿಯಲ್ಲಿ ಕಪ್ಪು ಬಿಲ್ಲೆಯಾಗಿಯೋ ಗಾಜಿನ ಕೊಳವೆಯಾಗಿಯೋ ಕೂತಿರುತ್ತದೆ. ಕವಚ ಕಸದ ಬುಟ್ಟಿಗೆ ಹೋಗಿದ್ದರೆ ಚಿಪ್ಪೂ ಹೋಯಿತು.

ಎರಡನೇ ಕೀ ಒಳ್ಳೆಯ ಸಾಕ್ಷಿ. ಅದರಿಂದ ಗಾಡಿ ಚಾಲೂ ಆದರೆ ಮೊದಲನೆಯದರ ಚಿಪ್ ಕೆಟ್ಟಿದೆ. ಎರಡರಿಂದಲೂ ಆಗದಿದ್ದರೆ ಸುರುಳಿ, ಅದರ ಕನೆಕ್ಟರ್, ಫ್ಯೂಸ್ ಅಥವಾ ಇಮ್ಮೊಬಿಲೈಸರ್ ಘಟಕದ ಮೇಲೆ ಅನುಮಾನ. ಸ್ಟೇರಿಂಗ್ ಕವರ್ ಬಿಚ್ಚಿ ಸಡಿಲ ಕನೆಕ್ಟರ್ ಒತ್ತಿ ಕೂರಿಸುವವರೆಗೆ ಕೈಹಾಕಬಹುದು. ಏರ್‌ಬ್ಯಾಗ್‌ನ ಹಳದಿ ವೈರುಗಳನ್ನು ಮುಟ್ಟಬಾರದು.

ಹೊಸ ಕೀಯನ್ನು ಕಾರಿಗೆ ಪರಿಚಯಿಸುವುದು ಬಹುಪಾಲು ಮನೆಯ ಕೆಲಸವಲ್ಲ. ಫೋರ್ಡ್‌ನ ಕೆಲವು ಮಾದರಿಗಳಲ್ಲಿ ನೋಂದಾಯಿತ ಎರಡು ಕೀಗಳಿದ್ದರೆ ಮೂರನೆಯದನ್ನು ಮಾಲೀಕನೇ ಸೇರಿಸಬಹುದು. ಉಳಿದೆಡೆ ಸ್ಕ್ಯಾನರ್, ಹಲವು ಬಾರಿ ಗುಪ್ತ ಸಂಖ್ಯೆಯೂ ಬೇಕು. ಗುಜರಿಯಿಂದ ತಂದ ಇಸಿಯು ಹಾಕಿದರೂ ಅದು ಈ ಕಾರಿನ ಕೀಯನ್ನು ಗುರುತಿಸುವುದಿಲ್ಲ. ಹೆಚ್ಚುವರಿ ಕೀಯ ಚಿಪ್ ಕಿತ್ತು ಸುರುಳಿಯ ಪಕ್ಕ ಅಂಟಿಸಿಬಿಡುವ ಉಪಾಯವೊಂದು ಬಳಕೆಯಲ್ಲಿದೆ. ಗಾಡಿ ಹಿಡಿಯುತ್ತದೆ ನಿಜ, ಆದರೆ ಇಮ್ಮೊಬಿಲೈಸರ್ ಇದ್ದೂ ಇಲ್ಲದಂತಾಗುತ್ತದೆ. ಅದನ್ನು ದುರಸ್ತಿ ಎನ್ನಲಾಗದು. ಕೀ ಕಳೆದುಹೋದಾಗ ಹೊಸದನ್ನು ಸೇರಿಸುವ ಜೊತೆಗೆ ಕಳೆದದ್ದರ ನೋಂದಣಿಯನ್ನೂ ಅಳಿಸಿಸಬೇಕು. ಕಾರು ಕಳುವಾಗಿ ಪರಿಹಾರ ಕೇಳಿದಾಗ ಭಾರತದ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಮೂಲ ಕೀಗಳನ್ನು ಒಪ್ಪಿಸಲು ಹೇಳುತ್ತವೆ.